ಮನೆಯ ಡಾರ್ಕ್‌ರೂಮ್

ಕಪ್ಪು-ಬಿಳುಪು ಫಿಲ್ಮನ್ನು ತೊಳೆದು ನೆಗೆಟಿವ್ ಮಾಡಿಕೊಳ್ಳಲು, ಆ ನೆಗೆಟಿವ್‌ನಿಂದ ಕಾಗದದ ಮೇಲೆ ಪ್ರಿಂಟ್ ಹಾಕಲು ಛಾಯಾಗ್ರಾಹಕ ತನ್ನ ಮನೆಯಲ್ಲೇ ಅಣಿಮಾಡಿಕೊಳ್ಳುವ ಕತ್ತಲ ಕೋಣೆಗೆ ಮನೆಯ ಡಾರ್ಕ್‌ರೂಮ್ ಎನ್ನುತ್ತಾರೆ. ಬಚ್ಚಲುಮನೆ, ಉಗ್ರಾಣ, ಮಹಡಿ ಮೆಟ್ಟಿಲ ಕೆಳಗಿನ ಜಾಗ, ರಾತ್ರಿ ಹೊತ್ತಿನ ಅಡುಗೆಮನೆ ಹೀಗೆ ಯಾವುದಾದರೂ ಡಾರ್ಕ್‌ರೂಮ್ ಆಗಬಲ್ಲದು. ಬೆಳಕನ್ನು ಹೊರಗಿಡುವುದು ಇದರ ಮೊದಲ ಕೆಲಸವಾದರೂ ದಖ್ಖನ್ ಪ್ರಸ್ಥಭೂಮಿಯಲ್ಲಿ ನಿಜವಾದ ಸವಾಲು ಕತ್ತಲೆಯಲ್ಲ, ನೀರು. ಫಿಲ್ಮ್ ತಯಾರಕರ ಕೋಷ್ಟಕಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಆಧಾರವಾಗಿ ಇಟ್ಟುಕೊಂಡಿವೆ. ನಾಸಿಕ್, ಕಲಬುರಗಿ, ಬಳ್ಳಾರಿಗಳ ಬೇಸಿಗೆಯಲ್ಲಿ ನಲ್ಲಿಯ ನೀರು ಆ ಮಿತಿಯಲ್ಲಿ ಇರುವುದೇ ಇಲ್ಲ. ಈ ಸೀಮೆಯಲ್ಲಿ ಡಾರ್ಕ್‌ರೂಮ್ ಕಟ್ಟುವವರು ನೀರಿನ ಲೆಕ್ಕದಿಂದಲೇ ಕೆಲಸ ಆರಂಭಿಸಬೇಕು.

ಮೂಲ ತತ್ವ

ಫಿಲ್ಮಿನ ಮೇಲೂ ಪ್ರಿಂಟ್ ಕಾಗದದ ಮೇಲೂ ಜೆಲಟಿನ್ ಪದರವೊಂದು ಇರುತ್ತದೆ. ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣಗಳ ಸೂಕ್ಷ್ಮ ಹರಳುಗಳು ಅದರೊಳಗೆ ಹುದುಗಿರುತ್ತವೆ. ಬೆಳಕು ಬಿದ್ದ ಹರಳುಗಳಲ್ಲಿ ಕಣ್ಣಿಗೆ ಕಾಣದ ಸುಪ್ತ ಬಿಂಬ ಮೂಡುತ್ತದೆ. ಡೆವಲಪರ್ ಎಂಬ ಕ್ಷಾರೀಯ ದ್ರಾವಣ ಆ ಹರಳುಗಳನ್ನಷ್ಟೇ ಕಪ್ಪು ಲೋಹದ ಬೆಳ್ಳಿಯಾಗಿ ಮಾರ್ಪಡಿಸುತ್ತದೆ. ಸ್ಟಾಪ್ ಬಾತ್ ಎಂಬ ದುರ್ಬಲ ಆಮ್ಲ ಈ ಕ್ರಿಯೆಯನ್ನು ತಟ್ಟನೆ ನಿಲ್ಲಿಸುತ್ತದೆ. ಬೆಳಕು ಕಾಣದೆ ಉಳಿದ ಲವಣಗಳನ್ನು ಫಿಕ್ಸರ್ ಕರಗಿಸಿ ಹೊರತೆಗೆಯುತ್ತದೆ. ಕೊನೆಗೆ ಜೆಲಟಿನ್‌ನೊಳಗೆ ಇಂಗಿದ ಫಿಕ್ಸರನ್ನು ನೀರು ತೊಳೆದು ಹಾಕುತ್ತದೆ. ಫಿಲ್ಮ್ ತೊಳೆಯುವಾಗಲೂ ಪ್ರಿಂಟ್ ಹಾಕುವಾಗಲೂ ಹಂತಗಳು ಇವೇ.

ಕತ್ತಲೆಯ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಿದೆ. ಇಂದಿನ ಕಪ್ಪು-ಬಿಳುಪು ಫಿಲ್ಮ್‌ಗಳಲ್ಲಿ ಬಹುಪಾಲು ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವುದರಿಂದ ಅವುಗಳಿಗೆ ಪೂರ್ಣ ಕತ್ತಲೆ ಬೇಕು. ಪ್ರಿಂಟ್ ಕಾಗದ ನೀಲಿ, ಹಸಿರು ಬೆಳಕಿಗೆ ಸ್ಪಂದಿಸುತ್ತದೆ, ಕೆಂಪಿಗೆ ಸ್ಪಂದಿಸುವುದಿಲ್ಲ. ಆದ್ದರಿಂದ ಪ್ರಿಂಟ್ ಹಾಕುವಾಗ ಕೆಂಪು ದೀಪದಡಿ ಕೆಲಸ ಮಾಡಬಹುದು.

ದಖ್ಖನ್ನಿನ ಚರಿತ್ರೆ

ಹೈಪೊ ಎಂದೇ ಹೆಸರಾದ ಸೋಡಿಯಂ ಥಯೋಸಲ್ಫೇಟ್ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂಬುದನ್ನು ಜಾನ್ ಹರ್ಷಲ್ 1819ರಲ್ಲಿ ಕಂಡುಕೊಂಡ. ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದ 1839ರಲ್ಲಿ ಅದೇ ಹೈಪೊ ಚಿತ್ರಗಳನ್ನು ಸ್ಥಿರಗೊಳಿಸುವ ಸಾಧನವಾಯಿತು. ಮುಂದಿನ ಒಂದೂವರೆ ದಶಕದೊಳಗೆ ಕ್ಯಾಮೆರಾ ಕನ್ನಡ ನಾಡಿನ ಸ್ಮಾರಕಗಳ ಮುಂದೆ ಬಂದು ನಿಂತಿತ್ತು. ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳನ್ನು ಚಿತ್ರಿಸಿದ. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ವೇಳೆಗೆ ಹಂಪಿಯ ಅವಶೇಷಗಳನ್ನು ದೊಡ್ಡ ಅಳತೆಯ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಕಾಗದಕ್ಕೆ ರಾಸಾಯನಿಕ ಬಳಿಯುವುದು, ಬಿಂಬ ಮೂಡಿಸುವುದು, ತೊಳೆಯುವುದು ಎಲ್ಲವೂ ಅವರದೇ ಕೈಯಿಂದ ಆಗಬೇಕಿತ್ತು.

ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿರುವ ಅಜಂತಾದಲ್ಲೂ ಇದೇ ಕಾಲಕ್ಕೆ ಇಂಥ ಕೆಲಸ ನಡೆಯಿತು. ಗುಹೆಗಳ ವರ್ಣಚಿತ್ರಗಳನ್ನು ನಕಲು ಮಾಡಲು 1844ರಲ್ಲಿ ನೇಮಕಗೊಂಡ ರಾಬರ್ಟ್ ಗಿಲ್ ಮುಂದೆ ಛಾಯಾಗ್ರಹಣಕ್ಕೂ ಕೈಹಾಕಿದ. ಅವನ ನಕಲುಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾದವು. ಆದರೆ ಅವನ ಛಾಯಾಚಿತ್ರಗಳು 1864ರಲ್ಲೇ ಜೇಮ್ಸ್ ಫರ್ಗ್ಯುಸನ್ನನ ಬರಹದೊಂದಿಗೆ ಪುಸ್ತಕರೂಪದಲ್ಲಿ ಬಂದಿದ್ದವು.

1851ರಲ್ಲಿ ಬಳಕೆಗೆ ಬಂದ ಹಸಿ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕದ ಲೇಪ ಒಣಗುವ ಮೊದಲೇ ಚಿತ್ರ ತೆಗೆದು, ಆಗಲೇ ತೊಳೆಯಬೇಕಿತ್ತು. ಹಾಗಾಗಿ ಛಾಯಾಗ್ರಾಹಕ ಹೋದಲ್ಲೆಲ್ಲ ಕತ್ತಲ ಡೇರೆಯೂ ಹೋಗಬೇಕಿತ್ತು. ರಿಚರ್ಡ್ ಮ್ಯಾಡಾಕ್ಸ್ 1871ರಲ್ಲಿ ತಿಳಿಸಿದ ಜೆಲಟಿನ್ ಒಣ ಫಲಕ ಈ ಕಟ್ಟನ್ನು ಬಿಡಿಸಿತು. ಇಂದು ತೆಗೆದ ಚಿತ್ರವನ್ನು ವಾರ ಬಿಟ್ಟು ತೊಳೆಯಲು ಸಾಧ್ಯವಾದಾಗ ಡಾರ್ಕ್‌ರೂಮ್ ಡೇರೆಯಿಂದ ಮನೆಯೊಳಗೆ ಬಂತು.

ಭಾರತದಲ್ಲಿ ಮನೆಯ ಡಾರ್ಕ್‌ರೂಮಿನ ಬಹು ದೊಡ್ಡ ಸಾಧನೆ ನಾಸಿಕ್ ಸೀಮೆಯವರದು. ನಾಸಿಕ್‌ನಿಂದ ಸಾತಪುರದ ಕೈಗಾರಿಕಾ ಪ್ರದೇಶ ಹಾದು ಹೋಗುವ ರಸ್ತೆ ಮುಂದೆ ತ್ರ್ಯಂಬಕೇಶ್ವರ ಸೇರುತ್ತದೆ. ಗೋದಾವರಿ ಹುಟ್ಟುವ ಆ ಊರಿನಲ್ಲಿ 1870ರ ಏಪ್ರಿಲ್ 30ರಂದು ಜನಿಸಿದ ದಾದಾಸಾಹೇಬ ಫಾಲ್ಕೆ ಬರೋಡದ ಕಲಾಭವನದಲ್ಲಿ ಛಾಯಾಗ್ರಹಣ ಕಲಿತು, ಗೋಧ್ರಾದಲ್ಲಿ ಸ್ಟುಡಿಯೊ ನಡೆಸಿ, ಪುರಾತತ್ವ ಇಲಾಖೆಯಲ್ಲಿ ಕೆಲಸಮಾಡಿ, ಬ್ಲಾಕ್ ತಯಾರಿಕೆ ಹಾಗೂ ಮುದ್ರಣದಲ್ಲಿ ಪಳಗಿದ್ದರು. 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮೆರಾ ಹಾಗೂ ಫಿಲ್ಮಿಗೆ ರಂಧ್ರ ಕೊರೆಯುವ ಯಂತ್ರ ತಂದರು. ಮೊದಲ ಪ್ರಯೋಗವಾಗಿ ಬಟಾಣಿ ಗಿಡ ಬೆಳೆಯುವುದನ್ನು ಒಂದೊಂದೇ ಚೌಕಟ್ಟಾಗಿ ಚಿತ್ರಿಸಿದರು. ಮುಂಬಯಿ ದಾದರಿನ ಮನೆಯೇ ಅವರ ಪ್ರಯೋಗಾಲಯವಾಗಿತ್ತು. ಆಗ ಕಚ್ಚಾ ಫಿಲ್ಮ್ ರಂಧ್ರವಿಲ್ಲದೆ ಬರುತ್ತಿತ್ತು. ಪತ್ನಿ ಸರಸ್ವತಿಬಾಯಿ ಹಗಲಿಡೀ ಚಿತ್ರತಂಡದ ಊಟೋಪಚಾರ ನೋಡಿಕೊಂಡು, ರಾತ್ರಿ ಕತ್ತಲಲ್ಲಿ ಕುಳಿತು ಫಿಲ್ಮಿಗೆ ರಂಧ್ರ ಕೊರೆಯುತ್ತಿದ್ದರು, ರಾಸಾಯನಿಕ ಬೆರೆಸಿ ಫಿಲ್ಮ್ ತೊಳೆಯುವ ಕೆಲಸಕ್ಕೂ ನಿಲ್ಲುತ್ತಿದ್ದರು. 1913ರ ಮೇ 3ರಂದು ಬಿಡುಗಡೆಯಾದ ‘ರಾಜಾ ಹರಿಶ್ಚಂದ್ರ’ ಹೀಗೆ ತಯಾರಾಯಿತು. ಅದೇ ವರ್ಷ ಫಾಲ್ಕೆ ನಾಸಿಕ್‌ಗೆ ಮರಳಿ ಅಲ್ಲೇ ಸ್ಟುಡಿಯೊ ಕಟ್ಟಿದರು. 1944ರ ಫೆಬ್ರವರಿ 16ರಂದು ಅದೇ ಊರಿನಲ್ಲಿ ತೀರಿಕೊಂಡರು. ಮನೆಯ ಡಾರ್ಕ್‌ರೂಮಿನ ಚರಿತ್ರೆಯಲ್ಲಿ ಸರಸ್ವತಿಬಾಯಿ ಅವರ ಹೆಸರು ಫಾಲ್ಕೆಯವರ ಹೆಸರಿನಷ್ಟೇ ಮುಖ್ಯವಾದುದು.

ಸ್ವಾತಂತ್ರ್ಯಾನಂತರ ಹವ್ಯಾಸಿ ಸಂಘಗಳು ಈ ವಿದ್ಯೆಯನ್ನು ಬೆಳೆಸಿದವು. 1953ರಲ್ಲಿ ರೂಪುಗೊಂಡ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿಯ ಹಿಂದೆ ಬೆಂಗಳೂರಿನ ಡಾ. ಜಿ. ಥಾಮಸ್ ಅವರ ದುಡಿಮೆಯಿತ್ತು. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಹಣದಲ್ಲಿ, ಟಿ.ಎನ್.ಎ. ಪೆರುಮಾಳ್ ಹಾಗೂ ಸಂಡೂರಿನ ಎಂ.ವೈ. ಘೋರ್ಪಡೆ ವನ್ಯಜೀವಿ ಛಾಯಾಗ್ರಹಣದಲ್ಲಿ ಕಪ್ಪು-ಬಿಳುಪಿನ ಸೊಗಸನ್ನು ನಾಡಿಗೆ ತೋರಿಸಿದರು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1967ರಲ್ಲಿ ಉತ್ಪಾದನೆ ಆರಂಭಿಸಿ ‘ಇಂದು’ ಹೆಸರಿನ ಫಿಲ್ಮ್ ಮತ್ತು ಕಾಗದವನ್ನು ದೇಶದ ಊರೂರಿನ ಸ್ಟುಡಿಯೊಗಳಿಗೆ ತಲುಪಿಸಿತು. ಡಿಜಿಟಲ್ ಯುಗದಲ್ಲಿ ಅದು ಮುಚ್ಚಿಹೋಯಿತು.

ಕೋಣೆಯ ವ್ಯವಸ್ಥೆ

ಡಾರ್ಕ್‌ರೂಮಿಗೆ ನಲ್ಲಿ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ತೊಳೆಯಬೇಕಾದ ಪ್ರಿಂಟ್‌ಗಳನ್ನು ನೀರಿನ ಬಕೆಟ್ಟಿನಲ್ಲಿ ಹಾಕಿಟ್ಟು ಆಮೇಲೆ ಬಚ್ಚಲಿಗೆ ಒಯ್ದರಾಯಿತು. ಒದ್ದೆ ಕೆಲಸದ ಬದಿ ಮತ್ತು ಒಣ ಕೆಲಸದ ಬದಿ ಬೇರೆಬೇರೆಯಾಗಿರುವುದು ಮಾತ್ರ ಕಡ್ಡಾಯ. ನೆಗೆಟಿವ್‌ನ ಬಿಂಬವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರ್, ಕಾಗದದ ಪೊಟ್ಟಣ, ನೆಗೆಟಿವ್‌ಗಳು ಒಂದು ಬದಿ. ಟ್ರೇಗಳು, ನೀರು, ರಾಸಾಯನಿಕಗಳು ಇನ್ನೊಂದು ಬದಿ. ಹೈಪೊ ತಾಗಿದ ಬೆರಳಿನಿಂದ ಕಾಗದ ಮುಟ್ಟಿದರೆ ಕಲೆ ಉಳಿಯುತ್ತದೆ. ವಿದ್ಯುತ್ ಸ್ವಿಚ್ಚು, ಪ್ಲಗ್ಗುಗಳು ಒದ್ದೆ ಬದಿಯಿಂದ ದೂರ ಇರಬೇಕು.

ಕಿಟಕಿಗೆ ಕಪ್ಪು ರೆಕ್ಸಿನ್ ಅಥವಾ ಎರಡು ಪದರದ ದಪ್ಪ ಕಪ್ಪು ಬಟ್ಟೆ, ಬಾಗಿಲಿನ ಸಂದಿಗೆ ಸ್ಪಂಜಿನ ಪಟ್ಟಿ ಸಾಕು. ಬೆಳಕು ನುಸುಳುವ ಕಡೆ ತಿಳಿಯಲು ನಡುಹಗಲಿನಲ್ಲಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಕೂರಬೇಕು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಸಣ್ಣ ಸಂದಿಯೂ ಎದ್ದು ಕಾಣುತ್ತದೆ. ಗಾಳಿಯಾಡಲು ಎಕ್ಸಾಸ್ಟ್ ಫ್ಯಾನ್ ಬೇಕು. ಅದರ ಮುಂದೆ ಬೆಳಕು ತಡೆಯುವ ಬಾಗಿದ ಮರೆ ಕಟ್ಟಬೇಕು.

ಕೆಂಪು ದೀಪಕ್ಕೆ ಅನೇಕರು ದೇವರಮನೆಗೆಂದು ಮಾರುವ ಕೆಂಪು ಝೀರೋ ಬಲ್ಬನ್ನೇ ಬಳಸುತ್ತಾರೆ. ಬಣ್ಣ ಬಳಿದ ಬಲ್ಬಿನ ಬಣ್ಣ ತೆಳುವಾಗಿದ್ದರೆ ಬಿಳಿ ಬೆಳಕು ಸೋರುವುದುಂಟು, ಹಾಗಾಗಿ ಪರೀಕ್ಷಿಸದೆ ನಂಬಬಾರದು. ಎನ್‌ಲಾರ್ಜರಿನಿಂದ ತುಸುವೇ ಬೆಳಕು ಕೊಟ್ಟು, ಡೆವಲಪ್ ಮಾಡಿದಾಗ ತೆಳು ಬೂದು ಬರುವಂತೆ ಸಿದ್ಧಪಡಿಸಿದ ಕಾಗದದ ಚೂರನ್ನು ದೀಪದಡಿ ಇಟ್ಟು, ಮೇಲೆ ಒಂದು ನಾಣ್ಯ ಇರಿಸಿ ಐದು ನಿಮಿಷ ಬಿಡಬೇಕು. ಡೆವಲಪ್ ಮಾಡಿದಾಗ ನಾಣ್ಯದ ಗುಂಡು ಗುರುತು ಕಂಡರೆ ಆ ದೀಪ ಪ್ರಯೋಜನಕ್ಕೆ ಬಾರದು, ಅಥವಾ ಇನ್ನೂ ದೂರ ಇರಬೇಕು. ಸಾಮಾನ್ಯ ನಿಯಮ 15 ವ್ಯಾಟ್ ಬಲ್ಬು, ಕಾಗದದಿಂದ ನಾಲ್ಕು ಅಡಿ ದೂರ.

ಉಪಕರಣಗಳು

ಫಿಲ್ಮ್ ತೊಳೆಯುವುದಕ್ಕೆ ಬೇಕಾದುದು ಕೆಲವೇ ಸಾಮಾನು. ಬೆಳಕು ನುಗ್ಗದ ಮುಚ್ಚಳದ ಟ್ಯಾಂಕು, ಫಿಲ್ಮ್ ಸುತ್ತುವ ರೀಲು, ಥರ್ಮಾಮೀಟರ್, ಅಳತೆಪಾತ್ರೆ, ಕತ್ತರಿ, ಗಡಿಯಾರ, ಒಣಹಾಕಲು ಎರಡು ಕ್ಲಿಪ್ಪು ಇದ್ದರೆ ಸಾಕು. ಫಿಲ್ಮನ್ನು ರೀಲಿಗೆ ಏರಿಸಿ ಟ್ಯಾಂಕಿನ ಮುಚ್ಚಳ ಹಾಕುವವರೆಗೆ ಮಾತ್ರ ಕತ್ತಲೆ ಬೇಕು. ತೋಳು ತೂರಿಸುವ ಕಪ್ಪು ಚೀಲವಿದ್ದರೆ ಅದಕ್ಕೂ ಕೋಣೆ ಬೇಡ. ಒಂದು 35 ಮಿ.ಮೀ. ರೀಲಿಗೆ ಸುಮಾರು 300 ಮಿ.ಲೀ., 120 ಅಳತೆಯ ರೀಲಿಗೆ ಸುಮಾರು 500 ಮಿ.ಲೀ. ದ್ರಾವಣ ಹಿಡಿಯುತ್ತದೆ. ಹೊಸಬರು ಫಿಲ್ಮ್ ತೊಳೆಯುವುದನ್ನು ಮೊದಲು ಕಲಿತು, ಪ್ರಿಂಟಿನ ಸಲಕರಣೆಯನ್ನು ನಿಧಾನವಾಗಿ ಕೂಡಿಸಿಕೊಳ್ಳುವುದು ಜಾಣತನ.

ಪ್ರಿಂಟಿಗೆ ಎನ್‌ಲಾರ್ಜರ್ ಬೇಕು. 35 ಮಿ.ಮೀ. ನೆಗೆಟಿವ್‌ಗೆ 50 ಮಿ.ಮೀ. ಲೆನ್ಸು, 6×6 ಸೆಂ.ಮೀ. ನೆಗೆಟಿವ್‌ಗೆ 75 ಅಥವಾ 80 ಮಿ.ಮೀ. ಲೆನ್ಸು ಹೊಂದುತ್ತದೆ. ಮುಚ್ಚಿಹೋದ ಸ್ಟುಡಿಯೊಗಳ ಅಟ್ಟದಲ್ಲಿ ಹಳೆಯ ಎನ್‌ಲಾರ್ಜರ್‌ಗಳು ಇನ್ನೂ ಸಿಗುತ್ತವೆ. ಕೊಳ್ಳುವಾಗ ಲೆನ್ಸಿನಲ್ಲಿ ಬೂಷ್ಟು ಕಟ್ಟಿದೆಯೇ, ತಲೆಭಾಗ ಹಲಗೆಗೆ ಸಮಾಂತರವಾಗಿ ನಿಲ್ಲುತ್ತದೆಯೇ ನೋಡಬೇಕು. ವೋಲ್ಟೇಜು ಏರಿಳಿಯುವ ಊರುಗಳಲ್ಲಿ ಎನ್‌ಲಾರ್ಜರಿಗೆ ಸ್ಟೆಬಿಲೈಜರ್ ಹಾಕದಿದ್ದರೆ ಒಂದೇ ಸಮಯ ಕೊಟ್ಟ ಎರಡು ಪ್ರಿಂಟ್‌ಗಳು ಎರಡು ಬಗೆಯಾಗಿ ಬರುತ್ತವೆ. ಇವುಗಳ ಜೊತೆಗೆ ಮೂರು ಟ್ರೇ, ಮೂರು ಇಕ್ಕಳ, ಕಾಗದ ಹಿಡಿಯುವ ಚೌಕಟ್ಟು, ಒಂದು ಗಾಜಿನ ಹಲಗೆ ಬೇಕು.

ರಾಸಾಯನಿಕಗಳು

ಸಿದ್ಧ ಪುಡಿಗಳು ಸುಲಭವಾಗಿ ಸಿಗದ ಊರುಗಳಲ್ಲಿ ಮೂಲ ರಾಸಾಯನಿಕಗಳಿಂದಲೇ ಡೆವಲಪರ್ ಮಾಡಿಕೊಳ್ಳಬಹುದು. ಕೊಡಾಕ್ 1927ರಲ್ಲಿ ಹೊರತಂದ ಡಿ-76 ಇಂದಿಗೂ ಫಿಲ್ಮ್ ಡೆವಲಪರ್‌ಗಳ ಮಾನದಂಡ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಸುಮಾರು 50 ಡಿಗ್ರಿ ಬಿಸಿಯ 750 ಮಿ.ಲೀ. ನೀರಿಗೆ ಇವನ್ನು ಒಂದಾದ ಮೇಲೆ ಒಂದರಂತೆ ಕರಗಿಸಿ ಕೊನೆಗೆ ಲೀಟರಿಗೆ ತುಂಬಿಸಬೇಕು. ಸಲ್ಫೈಟ್ ಹೆಚ್ಚಿದ್ದ ನೀರಿನಲ್ಲಿ ಮೆಟಾಲ್ ಕರಗದು. ಆದ್ದರಿಂದ ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್ ಪೂರ್ತಿ, ಬಳಿಕ ಉಳಿದ ಸಲ್ಫೈಟ್ ಎಂಬ ಕ್ರಮ ತಪ್ಪಬಾರದು. ಇಲ್ಫರ್ಡ್ ಕಂಪನಿಯ ಐಡಿ-11 ಕೂಡ ಇದೇ ಸೂತ್ರದ್ದು. ಕಾಗದಕ್ಕೆ ಡಿ-72 ಬಳಸುತ್ತಾರೆ. ಇದರಲ್ಲಿ ಬೋರಾಕ್ಸ್ ಬದಲು ಹೆಚ್ಚು ಪ್ರಬಲ ಕ್ಷಾರವಾದ ಸೋಡಿಯಂ ಕಾರ್ಬೊನೇಟ್ ಇರುವುದರಿಂದ ಚಿತ್ರ ಬೇಗ ಮೂಡುತ್ತದೆ. ಬೆಳಕು ಬೀಳದ ಭಾಗಕ್ಕೂ ಮಬ್ಬು ಕವಿಯದಂತೆ ತಡೆಯಲು ಸ್ವಲ್ಪ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸುತ್ತಾರೆ.

ಸ್ಟಾಪ್ ಬಾತ್‌ಗೆ ಶೇ. 1ರಿಂದ 2ರಷ್ಟು ಅಸಿಟಿಕ್ ಆಮ್ಲ ಸಾಕು. ಗಾಢ ಆಮ್ಲವನ್ನು ಯಾವಾಗಲೂ ನೀರಿಗೆ ಹಾಕಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಫಿಕ್ಸರಿಗೆ ಲೀಟರಿಗೆ ಸುಮಾರು 250 ಗ್ರಾಂ ಹೈಪೊ ಹರಳು. ಹೈಪೊ ಕರಗುವಾಗ ನೀರನ್ನು ತಣ್ಣಗೆ ಮಾಡುವುದರಿಂದ ಬಿಸಿನೀರಿನಲ್ಲಿ ಕಲಸಬೇಕಾಗುತ್ತದೆ. ಅಮೋನಿಯಂ ಥಯೋಸಲ್ಫೇಟಿನ ಶೀಘ್ರ ಫಿಕ್ಸರ್ ದುಬಾರಿಯಾದರೂ ಕೆಲಸ ಬೇಗ ಮುಗಿಸುತ್ತದೆ.

ಬಿಸಿಲು ಮತ್ತು ನೀರು

ನಾಸಿಕ್‌ನಲ್ಲಿ ಏಪ್ರಿಲ್-ಮೇ ತಿಂಗಳ ಹಗಲು 38 ಡಿಗ್ರಿ ಮುಟ್ಟುತ್ತದೆ. ಚಳಿಗಾಲದ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ತಾರಸಿಯ ಪ್ಲಾಸ್ಟಿಕ್ ಟ್ಯಾಂಕಿನಿಂದ ಬೇಸಿಗೆ ಮಧ್ಯಾಹ್ನ ಇಳಿಯುವ ನೀರು ಡೆವಲಪರಿಗೆ ತೀರ ಬಿಸಿ. ಡೆವಲಪರ್ ಬಿಸಿಯಾದಷ್ಟೂ ಕ್ರಿಯೆ ವೇಗವಾಗುತ್ತದೆ. ಡಿ-76 ಮೂಲ ದ್ರಾವಣದಲ್ಲಿ ಟ್ರೈ-ಎಕ್ಸ್ 400 ಫಿಲ್ಮಿಗೆ 20 ಡಿಗ್ರಿಯಲ್ಲಿ 6¾ ನಿಮಿಷ ಸಾಕಾದರೆ 24 ಡಿಗ್ರಿಯಲ್ಲಿ 4¾ ನಿಮಿಷ ಮಾತ್ರ ಬೇಕು. ಐದು ನಿಮಿಷಕ್ಕಿಂತ ಕಡಿಮೆಯಾದರೆ ಫಿಲ್ಮಿನುದ್ದಕ್ಕೂ ಸಮನಾಗಿ ಡೆವಲಪ್ ಆಗದೆ ಆಕಾಶದಂಥ ಬಯಲು ಭಾಗಗಳಲ್ಲಿ ಪಟ್ಟೆಗಳು ಉಳಿಯುತ್ತವೆ.

ಇದಕ್ಕೆ ಸರಳ ಮದ್ದು, ಡೆವಲಪರಿಗೆ ಅಷ್ಟೇ ನೀರು ಬೆರೆಸುವುದು. ಐಡಿ-11ಕ್ಕೆ ಸಮಪಾಲು ನೀರು ಬೆರೆಸಿದಾಗ ಎಚ್‌ಪಿ5 ಪ್ಲಸ್ ಫಿಲ್ಮಿಗೆ 20 ಡಿಗ್ರಿಯಲ್ಲಿ 13 ನಿಮಿಷ, 24 ಡಿಗ್ರಿಯಲ್ಲಿ ಸುಮಾರು 9 ನಿಮಿಷ ಹಿಡಿಯುತ್ತದೆ. ನಮ್ಮ ಹವೆಗೆ 24 ಡಿಗ್ರಿಯನ್ನೇ ಕಾಯಂ ಉಷ್ಣತೆಯಾಗಿ ಇಟ್ಟುಕೊಂಡು ಅದಕ್ಕೆ ತಕ್ಕ ಸಮಯವನ್ನು ಗೊತ್ತುಮಾಡಿಕೊಳ್ಳುವುದು, 20ಕ್ಕೆ ಇಳಿಸಲು ಪ್ರತಿಸಲ ಹೆಣಗುವುದಕ್ಕಿಂತ ಮೇಲು. ನೀರನ್ನು ತಣಿಸಲು ಮಣ್ಣಿನ ಮಡಕೆ ಬಹಳ ಒಳ್ಳೆಯದು. ಒಣ ಹವೆಯ ಬೇಸಿಗೆಯಲ್ಲಿ ಮಡಕೆಯ ಮೈಯಿಂದ ನೀರು ಆವಿಯಾಗುತ್ತ ಒಳಗಿನ ನೀರು ಹಲವು ಡಿಗ್ರಿ ತಣಿಯುತ್ತದೆ. ಮಳೆಗಾಲದಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಆಗ ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ದ್ರಾವಣದ ಬಾಟಲಿ ನಿಂತಿರುವ ಬೋಗುಣಿಗೆ ಹಾಕಬೇಕು. ಬೆಳಗಿನ ಜಾವದ ನೀರು ಎಲ್ಲ ಕಾಲಕ್ಕೂ ತಕ್ಕಮಟ್ಟಿಗೆ ತಣ್ಣಗಿರುತ್ತದೆ.

ಬಿಸಿ ನೀರಿನಲ್ಲಿ ಜೆಲಟಿನ್ ಉಬ್ಬಿ ಮೆದುವಾಗುತ್ತದೆ, ಉಗುರು ತಾಗಿದರೂ ಕಿತ್ತು ಬರುತ್ತದೆ. ಬಿಸಿ ಡೆವಲಪರಿನಿಂದ ತಣ್ಣನೆಯ ಫಿಕ್ಸರಿಗೆ ಹಠಾತ್ತಾಗಿ ಹೋದರೆ ಸುಕ್ಕುಗಟ್ಟಿ ಇಡೀ ಚಿತ್ರದ ಮೇಲೆ ಬಲೆಯಂಥ ಗೆರೆಗಳು ಮೂಡುತ್ತವೆ. ಹಾಗಾಗಿ ಡೆವಲಪರಿನಿಂದ ಕೊನೆಯ ತೊಳೆಯುವ ನೀರಿನವರೆಗೆ ಎಲ್ಲವೂ ಒಂದೇ ಉಷ್ಣತೆಯಲ್ಲಿರುವುದು ಕೆಲವು ಡಿಗ್ರಿ ಹೆಚ್ಚುಕಡಿಮೆಯಾಗುವುದಕ್ಕಿಂತ ಮುಖ್ಯ. ತೀರ ಸೆಕೆಯಿದ್ದಾಗ ಡೆವಲಪರಿಗೆ ಸೋಡಿಯಂ ಸಲ್ಫೇಟ್ ಸೇರಿಸಿ ಜೆಲಟಿನ್ ಉಬ್ಬುವುದನ್ನು ತಡೆಯುವ, ಫಿಕ್ಸರಿಗೆ ಪಟಿಕ ಸೇರಿಸಿ ಗಟ್ಟಿಗೊಳಿಸುವ ಹಳೆಯ ಕ್ರಮಗಳೂ ಇವೆ.

ನೀರಿನ ಗುಣವೂ ಗಣನೆಗೆ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಒಣಗಿದಾಗ ನೆಗೆಟಿವ್ ಮೇಲೆ ಸುಣ್ಣದ ಬಿಳಿ ಚುಕ್ಕೆ ಬಿಡುತ್ತದೆ. ಡೆವಲಪರ್ ಕಲಸಲು, ಕೊನೆಯ ಮುಳುಗಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿದರೆ ಈ ಕಾಟ ತಪ್ಪುತ್ತದೆ.

ಫಿಲ್ಮ್ ತೊಳೆಯುವ ಕ್ರಮ

ಡೆವಲಪರ್ ಸುರಿದೊಡನೆ ಟ್ಯಾಂಕನ್ನು ಮೆಲ್ಲಗೆ ನೆಲಕ್ಕೆ ತಟ್ಟಿ ಗಾಳಿಗುಳ್ಳೆ ಬಿಡಿಸಬೇಕು. ಮೊದಲ ಅರ್ಧ ನಿಮಿಷ ಸತತವಾಗಿ, ಆಮೇಲೆ ಪ್ರತಿ ನಿಮಿಷದಲ್ಲಿ ಹತ್ತು ಸೆಕೆಂಡು ಟ್ಯಾಂಕನ್ನು ತಲೆಕೆಳಗು ಮಾಡುತ್ತಿರಬೇಕು. ಬಳಿಕ ಸ್ಟಾಪ್ ಬಾತ್ ಅರ್ಧ ನಿಮಿಷ, ಶೀಘ್ರ ಫಿಕ್ಸರ್ 3ರಿಂದ 5 ನಿಮಿಷ, ಸಾದಾ ಹೈಪೊ ಆದರೆ 10 ನಿಮಿಷ. ಫಿಕ್ಸರ್ ಹಳತಾಗಿದೆಯೇ ತಿಳಿಯಲು ಫಿಲ್ಮಿನ ಆರಂಭದ ತುಂಡೊಂದನ್ನು ಅದರಲ್ಲಿ ಮುಳುಗಿಸಬೇಕು. ತುಂಡು ಪಾರದರ್ಶಕವಾಗಲು ಹೊಸ ಫಿಕ್ಸರಿನಲ್ಲಿ ಹಿಡಿದದ್ದಕ್ಕಿಂತ ಇಮ್ಮಡಿ ಹೊತ್ತು ಹಿಡಿದರೆ ಅದನ್ನು ಬಿಡಬೇಕು.

ದಿನ ಬಿಟ್ಟು ದಿನ ನೀರು ಬರುವ ಊರುಗಳಿಗೆ ಇಲ್ಫರ್ಡ್ ಸೂಚಿಸಿದ ತೊಳೆಯುವ ಕ್ರಮ ವರದಾನ. ಟ್ಯಾಂಕಿಗೆ ನೀರು ತುಂಬಿ 5 ಸಲ ತಲೆಕೆಳಗು ಮಾಡಿ ಚೆಲ್ಲುವುದು, ಮತ್ತೆ ತುಂಬಿ 10 ಸಲ, ಮೂರನೆಯ ಬಾರಿ 20 ಸಲ. 35 ಮಿ.ಮೀ. ರೀಲಿಗೆ ಒಂದು ಲೀಟರಿನೊಳಗೆ ಕೆಲಸ ಮುಗಿಯುತ್ತದೆ. ಪಟಿಕ ಹಾಕದ ಫಿಕ್ಸರಿಗೆ ಮಾತ್ರ ಇದು ಸಲ್ಲುತ್ತದೆ. ಗಟ್ಟಿಗೊಳಿಸಿದ ಜೆಲಟಿನ್ ಹೈಪೊವನ್ನು ಬೇಗ ಬಿಡುವುದಿಲ್ಲ.

ಪ್ರಿಂಟ್ ಹಾಕುವ ಕ್ರಮ

ಮೊದಲು ಇಡೀ ರೀಲನ್ನು ತುಂಡುಗಳಾಗಿ ಕಾಗದದ ಮೇಲೆ ಜೋಡಿಸಿ ಗಾಜು ಒತ್ತಿ ಕಾಂಟ್ಯಾಕ್ಟ್ ಶೀಟ್ ಮಾಡಿಕೊಳ್ಳಬೇಕು. ಅದರಲ್ಲಿ ಆಯ್ದ ಚಿತ್ರಕ್ಕೆ ಪರೀಕ್ಷಾ ಪಟ್ಟಿ ತೆಗೆಯಬೇಕು. ಕಾಗದದ ಪಟ್ಟಿಯನ್ನು ರಟ್ಟಿನಿಂದ ಹಂತಹಂತವಾಗಿ ಮುಚ್ಚುತ್ತ 5, 10, 15, 20 ಸೆಕೆಂಡು ಬೆಳಕು ಕೊಟ್ಟರೆ ಸರಿಯಾದ ಸಮಯ ಕಣ್ಣಿಗೇ ತಿಳಿಯುತ್ತದೆ. ಕಪ್ಪು-ಬಿಳುಪಿನ ಅಂತರವನ್ನು ಕಾಗದದ ಗ್ರೇಡಿನಿಂದ, ಮಲ್ಟಿಗ್ರೇಡ್ ಕಾಗದವಾದರೆ ಬಣ್ಣದ ಫಿಲ್ಟರಿನಿಂದ ಹೊಂದಿಸುತ್ತಾರೆ. ಮುಖ ಕಪ್ಪಾಗುತ್ತಿದ್ದರೆ ಅಲ್ಲಿಗಷ್ಟೇ ಕೈ ಅಡ್ಡ ಹಿಡಿದು ಬೆಳಕು ತಗ್ಗಿಸಬಹುದು, ಆಕಾಶ ಬೋಳಾದರೆ ಅಲ್ಲಿಗೆ ಇನ್ನಷ್ಟು ಬೆಳಕು ಕೊಡಬಹುದು. ಪ್ರಿಂಟಿನಲ್ಲಿ ಛಾಯಾಗ್ರಾಹಕನ ಕೈ ಕಾಣುವುದು ಇಲ್ಲಿಯೇ.

ಪ್ಲಾಸ್ಟಿಕ್ ಲೇಪದ ಕಾಗದವನ್ನು ಡೆವಲಪರಿನಲ್ಲಿ ಸುಮಾರು ಒಂದು ನಿಮಿಷ ಇಟ್ಟರೆ ಸಾಕು, ಫಿಕ್ಸ್ ಆದ ಮೇಲೆ ಎರಡು ನಿಮಿಷದ ತೊಳೆತ ಸಾಕು. ಸಾದಾ ನಾರಿನ ಕಾಗದಕ್ಕೆ ಡೆವಲಪರಿನಲ್ಲಿ 2ರಿಂದ 3 ನಿಮಿಷ, ತೊಳೆಯಲು ಒಂದು ಗಂಟೆಯವರೆಗೆ ಬೇಕು. ತೊಳೆಯುವ ನಡುವೆ ಶೇ. 2ರ ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಅದ್ದಿದರೆ ಸಮಯವೂ ನೀರೂ ಉಳಿಯುತ್ತವೆ. ನಾರಿನ ಕಾಗದದ ಕಪ್ಪಿಗಿರುವ ಆಳ ಬೇರೆ, ಅದು ಬಾಳುವ ಕಾಲವೂ ದೀರ್ಘ. ಕಲಿಯುವಾಗ ಪ್ಲಾಸ್ಟಿಕ್ ಕಾಗದ, ಉಳಿಸಿಕೊಳ್ಳಬೇಕಾದ ಚಿತ್ರಕ್ಕೆ ನಾರಿನ ಕಾಗದ ಎಂಬುದು ಒಪ್ಪಿತ ರೂಢಿ.

ಸುರಕ್ಷತೆ ಮತ್ತು ತ್ಯಾಜ್ಯ

ಮೆಟಾಲ್ ಕೆಲವರ ಚರ್ಮಕ್ಕೆ ತುರಿಕೆ ಹಾಗೂ ಬಿರುಕು ತರುತ್ತದೆ. ಒಮ್ಮೆ ಅಂಟಿದ ಅಲರ್ಜಿ ಮರುಕಳಿಸುತ್ತದೆ. ಕೈಗವಸು, ಇಕ್ಕಳ ಬಿಡಬಾರದು. ಪುಡಿ ಕಲಸುವಾಗ ಮೂಗಿಗೆ ಮಾಸ್ಕ್ ಇರಲಿ. ಡಾರ್ಕ್‌ರೂಮಿನ ಪಾತ್ರೆ, ಚಮಚಗಳು ಎಂದಿಗೂ ಅಡುಗೆಗೆ ಮರಳಬಾರದು. ಬಾಟಲಿಗಳ ಮೇಲೆ ಹೆಸರು, ತಾರೀಖು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಬಳಸಿದ ಫಿಕ್ಸರನ್ನು ಮೋರಿಗೆ ಚೆಲ್ಲಬಾರದು. ಅದರಲ್ಲಿ ಕರಗಿರುವ ಬೆಳ್ಳಿ ನೀರಿನ ಜೀವಿಗಳಿಗೆ ವಿಷ. ಸಾತಪುರದ ಮೋರಿ ಗೋದಾವರಿಯ ಕಡೆಗೆ, ಮೈಸೂರಿನ ಮೋರಿ ಕಾವೇರಿಯ ಕಡೆಗೆ ಹರಿಯುತ್ತದೆ. ಡಬ್ಬಿಯೊಂದರಲ್ಲಿ ಫಿಕ್ಸರ್ ಕೂಡಿಟ್ಟು ಪಾತ್ರೆ ಉಜ್ಜುವ ಕಬ್ಬಿಣದ ನಾರನ್ನು ಅದಕ್ಕೆ ಹಾಕಿದರೆ ಕಬ್ಬಿಣ ಕರಗುತ್ತ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕಿಳಿಯುತ್ತದೆ. ಆಸ್ಪತ್ರೆಗಳಿಂದ ಹಳೆಯ ಎಕ್ಸ್-ರೇ ಫಿಲ್ಮ್, ಹೈಪೊ ಕೊಳ್ಳುವ ವ್ಯಾಪಾರಿಗಳಿಗೂ ಬಳಸಿದ ಫಿಕ್ಸರನ್ನು ಕೊಡಬಹುದು.

ಇಂದಿನ ಸ್ಥಿತಿ

ಫಿಲ್ಮ್, ಕಾಗದ ಈಗ ಬಹುಪಾಲು ಹೊರದೇಶದಿಂದ ಬರುತ್ತವೆ, ಬೆಲೆಯೂ ಏರಿದೆ. ಆದರೂ ಡೆವಲಪರ್, ಫಿಕ್ಸರ್‌ಗಳ ಮೂಲ ರಾಸಾಯನಿಕಗಳು ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಊಟಿಯ ಕಾರ್ಖಾನೆ ಮುಚ್ಚಿದ್ದು ಈ ದೇಶದ ಹವ್ಯಾಸಿಗಳಿಗಾದ ದೊಡ್ಡ ನಷ್ಟ. ಕೋಣೆಯೊಳಗಿನ ವಿದ್ಯೆ ಮಾತ್ರ ಕಾರ್ಖಾನೆಯನ್ನು ನೆಚ್ಚಿಕೊಂಡಿಲ್ಲ. ಹೊಸದಾಗಿ ಆರಂಭಿಸುವವರು ಒಂದೇ ಫಿಲ್ಮ್, ಒಂದೇ ಡೆವಲಪರ್, ಒಂದೇ ಕಾಗದ ಹಿಡಿದು ಒಂದು ವರ್ಷವಾದರೂ ಕೆಲಸ ಮಾಡಬೇಕು. ಪ್ರತಿ ರೀಲಿಗೂ ತಾರೀಖು, ನೀರಿನ ಉಷ್ಣತೆ, ಸಮಯ, ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಅವರವರ ಊರಿನ ನೀರಿಗೆ ಹೊಂದುವ ಕೋಷ್ಟಕವೊಂದು ಅವರ ಕೈಯಲ್ಲಿರುತ್ತದೆ. 20 ಡಿಗ್ರಿಗೆ ಬರೆದ ಯಾವ ಕೋಷ್ಟಕಕ್ಕಿಂತಲೂ ಅದು ಹೆಚ್ಚು ನೆಚ್ಚಬಹುದಾದದ್ದು.